ಕಾಗಿಣಾ ತೀರದ ಕಲ್ಲಿನ ಊರುಗಳು

ಒಂದು ಊರಿನ ನೆಲದ ಅಡಿಯಲ್ಲಿ ಯಾವ ಶಿಲೆಯಿದೆ ಎಂಬುದನ್ನು ತಿಳಿಯಬೇಕಾದರೆ ಭೂಮಿಯನ್ನು ಅಗೆದೇ ನೋಡಬೇಕೆಂದಿಲ್ಲ. ಆ ಊರಿನ ಹಳೆಯ ಮನೆಗಳ ಗೋಡೆಗಳನ್ನು ನೋಡಿದರೆ ಸಾಕು. ರಸ್ತೆಗಳೂ ರೈಲುಗಳೂ ಇಲ್ಲದಿದ್ದ ಕಾಲದಲ್ಲಿ ಮನೆ ಕಟ್ಟುವವನು ದೂರದಿಂದ ಕಲ್ಲನ್ನು ತರಿಸುತ್ತಿರಲಿಲ್ಲ. ತನ್ನ ಕಾಲಡಿಯಲ್ಲಿ ಏನು ದೊರೆಯಿತೋ ಅದನ್ನೇ ಎಬ್ಬಿಸಿ ಗೋಡೆಯಾಗಿ ನಿಲ್ಲಿಸುತ್ತಿದ್ದನು. ಆದುದರಿಂದ ಹಳೆಯ ಊರೆಂಬುದು ಒಂದು ಬಗೆಯ ಭೂವಿಜ್ಞಾನದ ನಕ್ಷೆಯೇ ಆಗಿರುತ್ತದೆ.

ಗ್ರೀಸ್ ದೇಶದ ವಾಯವ್ಯ ಭಾಗದಲ್ಲಿ, ಪಿಂಡಸ್ ಪರ್ವತಗಳ ನಡುವೆ, ಜಗೋರಿ ಎಂಬ ಪ್ರದೇಶವಿದೆ. ಅಲ್ಲಿನ 46 ಹಳ್ಳಿಗಳ ಮನೆ, ಗುಡಿ, ಕಮಾನು ಸೇತುವೆ, ಬೀದಿಯ ಹಾಸು ಎಲ್ಲವೂ ಸ್ಥಳೀಯ ಶಿಲೆಯಿಂದಲೇ ಆದವು. ಮನೆಗಳ ಮಾಡಿಗೂ ತೆಳುವಾದ ಕಲ್ಲು ಹಲಗೆಗಳನ್ನೇ ಹೊದಿಸಿದ್ದಾರೆ. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಆ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಊರುಗಳ ಚಿತ್ರಗಳನ್ನು ಕಂಡ ನಮ್ಮ ವಿದ್ಯಾರ್ಥಿಗಳು 'ಇಂತಹವು ನಮ್ಮಲ್ಲಿ ಎಲ್ಲಿವೆ?' ಎಂದು ಕೇಳುವುದು ಸಹಜ. ಅದಕ್ಕೆ ಉತ್ತರವನ್ನು ಬಹು ದೂರ ಹುಡುಕಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಆಡಕಿ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುತ್ತಣ ಸೀಮೆಯಲ್ಲಿ, ಕಾಗಿಣಾ ನದಿಯ ಎರಡೂ ದಡಗಳಲ್ಲಿ, ನೆಲದ ಕಲ್ಲೇ ಗೋಡೆಯಾಗಿ, ನೆಲಹಾಸಾಗಿ, ಮಾಳಿಗೆಯಾಗಿ, ಹೊಲದ ಬೇಲಿಯಾಗಿ ನಿಂತಿರುವ ಹಳ್ಳಿಗಳು ಇಂದಿಗೂ ಉಂಟು. ಜಗೋರಿಯ ಮಾಡು ಹಿಮ ಜಾರಿಹೋಗಲೆಂದು ಇಳಿಜಾರಾಗಿದ್ದರೆ, ನಮ್ಮ ಮಾಳಿಗೆಯು ಬಿಸಿಲನ್ನು ತಡೆಯಲೆಂದು ಚಪ್ಪಟೆಯಾಗಿದೆ. ಹವೆ ಬೇರೆ, ಆದರೆ ಕಟ್ಟಿದವರ ವಿವೇಕ ಒಂದೇ.

ಆದರೆ ಈ ಎರಡು ಸೀಮೆಗಳಿಗೆ ಒಂದು ದೊಡ್ಡ ವ್ಯತ್ಯಾಸವಿದೆ. ಕಾಗಿಣಾ ತೀರದ ಕಲ್ಲು ಮನೆ ಕಟ್ಟುವುದಕ್ಕೆ ಮಾತ್ರವಲ್ಲ, ಸುಟ್ಟು ಸಿಮೆಂಟು ಮಾಡುವುದಕ್ಕೂ ಯೋಗ್ಯವಾದುದು. ಒಂದೇ ಶಿಲೆಗೆ ಇಬ್ಬರು ಹಕ್ಕುದಾರರು ಏರ್ಪಟ್ಟಿದ್ದಾರೆ. ಇದರಿಂದ ಊರಿಗೂ ನೀರಿಗೂ ಏನಾಗುತ್ತದೆ ಎಂಬುದನ್ನು ವಿಚಾರ ಮಾಡುವ ಮೊದಲು, ಆ ಕಲ್ಲು ಎಂತಹುದು ಎಂಬುದನ್ನು ತಿಳಿದುಕೊಳ್ಳೋಣ.

ಮೂರು ಅಂತಸ್ತಿನ ನೆಲ

ಯಾದಗಿರಿಯ ಕಡೆಯಿಂದ ಉತ್ತರಕ್ಕೆ, ಸೇಡಂ ಮಾರ್ಗವಾಗಿ ಚಿಂಚೋಳಿಯ ಗುಡ್ಡಗಳವರೆಗೆ ಪ್ರಯಾಣ ಮಾಡಿದವರು ಮೂರು ಬಗೆಯ ನೆಲವನ್ನು ದಾಟಿಹೋಗುತ್ತಾರೆ. ದಕ್ಷಿಣದಲ್ಲಿ ಕಾಣುವುದು ಗ್ರಾನೈಟ್ ಜಾತಿಯ ಗುಂಡುಬಂಡೆಗಳು. ಇದು ತಳದ ಅಂತಸ್ತು. ಇದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಮುಂದೆ ಸೇಡಂ, ಚಿತ್ತಾಪುರ, ಶಹಾಬಾದ್‌ಗಳ ಬಳಿಗೆ ಬಂದರೆ ಬಂಡೆಗಳು ಮಾಯವಾಗಿ, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿರುವ ಸುಣ್ಣಕಲ್ಲಿನ ಪದರಗಳು ಹೊಳೆಯ ದಂಡೆಯಲ್ಲಿಯೂ ಬಾವಿಯ ಬದಿಯಲ್ಲಿಯೂ ತೋರಿಬರುತ್ತವೆ. ಇದು ನಡುವಣ ಅಂತಸ್ತು. ಇನ್ನೂ ಉತ್ತರಕ್ಕೆ ಸರಿದರೆ, ಈ ಪದರಗಳ ಮೇಲೆ ಕಪ್ಪುಶಿಲೆಯೂ, ಚಿಂಚೋಳಿಯ ಎತ್ತರದ ಗುಡ್ಡಗಳ ನೆತ್ತಿಯಲ್ಲಿ ಕೆಂಪಾದ ಜಂಬಿಟ್ಟಿಗೆಯೂ ಕಾಣುತ್ತವೆ. ಇದೇ ಮೇಲಣ ಅಂತಸ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಹೊರಬಂದ ಲಾವಾ ರಸವು ಹೆಪ್ಪುಗಟ್ಟಿ ಕಪ್ಪುಶಿಲೆಯಾಯಿತು. ಅದು ಮಳೆ ಬಿಸಿಲುಗಳಿಗೆ ಸಿಕ್ಕಿ ಬಹುಕಾಲ ಕೊಳೆತು ಜಂಬಿಟ್ಟಿಗೆಯಾಯಿತು.

ಅಂತಸ್ತು ಬದಲಾದಂತೆ ಗೋಡೆಯೂ ಬದಲಾಗುತ್ತದೆ ಎಂಬುದನ್ನು ಪ್ರಯಾಣಿಕರು ಗಮನಿಸಬಹುದು. ಕಲಬುರಗಿಯ ಕೋಟೆ ಕಪ್ಪುಶಿಲೆಯದು. ಬೀದರಿನ ಕೋಟೆಯಲ್ಲಿ ಜಂಬಿಟ್ಟಿಗೆ ಹೇರಳವಾಗಿದೆ. ಮಳಖೇಡದ ಕೋಟೆಯೋ ಸುಣ್ಣಕಲ್ಲಿನದು. ಅರಸರೂ ಸಹ ತಮ್ಮ ನೆಲದ ಶಿಲೆಯನ್ನು ಮೀರಿ ಹೋಗಲಿಲ್ಲ.

ಈ ನಡುವಣ ಅಂತಸ್ತಿಗೆ ಭೂವಿಜ್ಞಾನಿಗಳು ಭೀಮಾ ಶ್ರೇಣಿಯೆಂದು ಹೆಸರಿಟ್ಟಿದ್ದಾರೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ವಿಲಿಯಂ ಕಿಂಗ್ 1872ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿಯೂ ನೆರೆಯ ತೆಲಂಗಾಣದ ತಾಂಡೂರು ಸೀಮೆಯಲ್ಲಿಯೂ ಸುಮಾರು 5,000 ಚದರ ಕಿಲೋಮೀಟರ್‌ಗಳಷ್ಟು ಇದು ಹರಡಿಕೊಂಡಿದೆ. ಇದರ ಬುಡದಲ್ಲಿ ಮರಳುಗಲ್ಲು ಮತ್ತು ಜೇಡುಶಿಲೆ. ಅದರ ಮೇಲೆ ಶಹಾಬಾದಿನ ಹೆಸರನ್ನೇ ಪಡೆದಿರುವ ಸುಣ್ಣಕಲ್ಲು. ಈ ಕೆಳಗಿನ ಭಾಗಕ್ಕೆ ಸೇಡಂ ಉಪಶ್ರೇಣಿ ಎಂಬ ಹೆಸರೂ ಇದೆ. ಹೀಗೆ ನಮ್ಮ ತಾಲ್ಲೂಕು ಕೇಂದ್ರಗಳ ಹೆಸರುಗಳು ವಿಜ್ಞಾನದ ಗ್ರಂಥಗಳಲ್ಲಿ ನೆಲೆಯೂರಿವೆ.

ಕಡಲ ಕೆಸರು ಕಲ್ಲಾದ ಬಗೆ

ಕಾಗಿಣಾ ನದಿಯ ಸೀಮೆಯು ಒಂದಾನೊಂದು ಕಾಲದಲ್ಲಿ ಆಳವಿಲ್ಲದ ಕಡಲಾಗಿತ್ತೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಆ ಕಡಲಿನ ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶವು ಅತಿ ಸೂಕ್ಷ್ಮ ಕಣಗಳಾಗಿ ಬೇರ್ಪಟ್ಟು, ತಳದಲ್ಲಿ ಕೆಸರಿನಂತೆ ನೆಲೆಗೊಂಡಿತು. ಮೇಲಿನ ಪದರಗಳ ಭಾರದಿಂದ ಕೆಳಗಿನ ಕೆಸರಿನ ನೀರು ಹಿಂಡಿಹೋಗಿ, ಕಣಗಳು ಒಂದಕ್ಕೊಂದು ಬೆಸೆದು ಶಿಲೆಯಾಯಿತು. ಈ ಶಿಲೆಯು ಯಾವಾಗ ಹುಟ್ಟಿತೆಂಬ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಚಿಪ್ಪುಳ್ಳ ಪ್ರಾಣಿಗಳು ಜಗತ್ತಿನಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಬಹಳ ಮುಂಚೆಯೇ ಇದು ರೂಪುಗೊಂಡಿತೆಂಬುದರಲ್ಲಿ ಸಂದೇಹವಿಲ್ಲ. ಆದ್ದರಿಂದಲೇ ಈ ಕಲ್ಲಿನಲ್ಲಿ ಶಂಖ, ಕಪ್ಪೆಚಿಪ್ಪುಗಳ ಗುರುತನ್ನು ಹುಡುಕುವುದು ವ್ಯರ್ಥ. ಸುಣ್ಣಕಲ್ಲಿನ ಮೇಲಿರುವ ಜೇಡುಶಿಲೆಯಲ್ಲಿ ಮಾತ್ರ, ಸಾಸಿವೆ ಕಾಳಿನಿಂದ ಬೇಳೆಯ ಗಾತ್ರದವರೆಗಿನ ಕಪ್ಪು ಇಂಗಾಲದ ಬಿಲ್ಲೆಗಳು ದೊರೆತಿವೆ. ಚುವಾರಿಯಾ ಎಂಬ ಹೆಸರಿನ ಇವು ಅತಿ ಪುರಾತನ ಜೀವಿಗಳ ಅವಶೇಷಗಳು.

ಈ ಸುಣ್ಣಕಲ್ಲಿಗೆ ಒಂದು ವಿಶೇಷ ಗುಣವಿದೆ. ಕಡಲಿನಲ್ಲಿ ಸುಣ್ಣದ ಕೆಸರು ಒಂದೇ ಸಮನೆ ಬೀಳಲಿಲ್ಲ. ನಡುನಡುವೆ ನದಿಗಳು ತಂದ ಜೇಡಿಮಣ್ಣಿನ ತೆಳುವಾದ ಪೊರೆಯೊಂದು ಅದರ ಮೇಲೆ ಹಾಸಿಕೊಳ್ಳುತ್ತಿತ್ತು. ಶಿಲೆಯಾದ ಮೇಲೂ ಆ ಪೊರೆ ಮೆದುವಾಗಿಯೇ ಉಳಿಯಿತು. ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಹಿಟ್ಟು ಉದುರಿಸಿದರೆ ಅವು ಹೇಗೆ ಅಂಟಿಕೊಳ್ಳುವುದಿಲ್ಲವೋ ಹಾಗೆಯೇ ಇದು. ಪದರಗಳು ಬೆಟ್ಟಗಳಂತೆ ಮಡಿಚಿಕೊಳ್ಳದೆ, ಹೆಚ್ಚಿನ ಕಡೆ ನೆಲಕ್ಕೆ ಸಮನಾಗಿಯೇ ಮಲಗಿವೆ. ಇದಲ್ಲದೆ, ಮೇಲಿನಿಂದ ಕೆಳಕ್ಕೆ ಇಳಿಯುವ ನೇರವಾದ ಸೀಳುಗಳು ಒಂದನ್ನೊಂದು ಅಡ್ಡಹಾಯ್ದು, ಪದರಗಳನ್ನು ಚೌಕಗಳಾಗಿ ವಿಭಾಗಿಸಿವೆ. ಕೆಳಗೆ ಪೊರೆ, ಬದಿಗಳಲ್ಲಿ ಸೀಳು. ಹೀಗೆ ಕಲ್ಲನ್ನು ಹಲಗೆಗಳಾಗಿ ಕೊಯ್ಯುವ ಕೆಲಸದ ಅರ್ಧ ಭಾಗವನ್ನು ಪ್ರಕೃತಿಯೇ ಮಾಡಿಟ್ಟಿದೆ. ಈ ಹಲಗೆಯೇ ಜನರ ಬಾಯಲ್ಲಿ ಪರಸಿ, ಫರ್ಸಿ, ಶಹಾಬಾದ್ ಕಲ್ಲು ಎಂಬ ಹೆಸರುಗಳನ್ನು ಪಡೆದಿದೆ.

ಗಣಿಯಲ್ಲಿ ಕೆಲಸ ಮಾಡುವವರ ಬಳಿ ಹಿಂದೆ ಇದ್ದ ಸಲಕರಣೆಗಳು ಹಾರೆ, ಉಳಿ, ಸುತ್ತಿಗೆಗಳು ಮಾತ್ರ. ಮೇಲಿನ ಮಣ್ಣನ್ನು ಸರಿಸಿ, ಸೀಳಿನಲ್ಲಿ ಉಳಿಯನ್ನು ಬಡಿದು, ಪೊರೆಯ ಮಟ್ಟದಲ್ಲಿ ಹಾರೆಯನ್ನು ತೂರಿಸಿ ಮೀಟಿದರೆ ಹಲಗೆ ಮೇಲೇಳುತ್ತದೆ. ಕಲ್ಲನ್ನು ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಅದು ಗಟ್ಟಿ. ಮಂಕಾದ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆಯೆಂದು ಅರ್ಥ. ಧ್ವನಿಯ ಕಂಪನವು ಬಿರುಕಿನಲ್ಲಿ ತಡೆಗೊಳ್ಳುವುದೇ ಇದಕ್ಕೆ ಕಾರಣ. ಇಂದು ಯಂತ್ರಶಾಲೆಗಳಲ್ಲಿ ಕೇಳದ ಧ್ವನಿತರಂಗಗಳನ್ನು ಹಾಯಿಸಿ ಲೋಹದ ದೋಷವನ್ನು ಪತ್ತೆಹಚ್ಚುವ ವಿಧಾನವೂ ಇದೇ ತತ್ತ್ವವನ್ನು ಅವಲಂಬಿಸಿದೆ. ಈಚೆಗೆ ಯಂತ್ರದ ಗರಗಸಗಳು ಗಣಿಗೆ ಇಳಿದಿವೆ. ಅಂಚು ನೇರವಾಗಿ ಬರುತ್ತದೆ. ಆದರೆ ಒಡೆದ ಚೂರುಗಳ ರಾಶಿಗಳೂ ಗಣಿಗಳ ಸುತ್ತ ಗುಡ್ಡಗಳಾಗಿ ಬೆಳೆದಿವೆ.

ಗೋಡೆ, ಮಾಳಿಗೆ, ಬಿಸಿಲು

ಈ ಸೀಮೆಯ ಬೇಸಿಗೆಯು ಪ್ರಖರವಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಇಂತಹ ಹವೆಯಲ್ಲಿ ಹಳೆಯ ಮನೆಯ ಪಡಸಾಲೆಗೆ ಕಾಲಿಟ್ಟರೆ ತಂಪೆನಿಸುವುದೇಕೆ? ಕಲ್ಲು ತಂಪಾದ ವಸ್ತುವೆಂದು ಅನೇಕರು ಹೇಳುತ್ತಾರೆ. ಆದರೆ ಬಿಸಿಲಿನಲ್ಲಿ ಬಿದ್ದಿರುವ ಪರಸಿಯ ಮೇಲೆ ಬರಿಗಾಲಿಟ್ಟವರಿಗೆ ಆ ಮಾತಿನ ದೌರ್ಬಲ್ಯ ತಿಳಿಯುತ್ತದೆ. ನಿಜವಾದ ಕಾರಣ ಗೋಡೆಯ ದಪ್ಪದಲ್ಲಿದೆ.

ಗೋಡೆಯ ಹೊರಮೈಗೆ ಬಿದ್ದ ಬಿಸಿಲಿನ ಶಾಖವು ಒಳಮೈಯನ್ನು ಮುಟ್ಟಲು ಹೊತ್ತು ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ಪ್ರತಿಯೊಂದು ಪದರವೂ ಸ್ವಲ್ಪ ಶಾಖವನ್ನು ತನ್ನಲ್ಲಿಯೇ ಇರಿಸಿಕೊಳ್ಳುವುದರಿಂದ ಅದು ಕ್ಷೀಣವಾಗುತ್ತಲೂ ಹೋಗುತ್ತದೆ. ಸುಣ್ಣಕಲ್ಲಿನ ಗುಣಗಳನ್ನು ತೆಗೆದುಕೊಂಡು ಸ್ಥೂಲವಾಗಿ ಲೆಕ್ಕ ಹಾಕಿದರೆ, ಅರ್ಧ ಮೀಟರ್ ದಪ್ಪದ ಗೋಡೆಯಲ್ಲಿ ಹಗಲಿರುಳಿನ ಏರಿಳಿತವು ಸುಮಾರು ಹದಿನೇಳನೆಯ ಒಂದು ಪಾಲಿಗೆ ಇಳಿಯುತ್ತದೆ. ಶಾಖದ ಅಲೆಯು ಒಳಗೆ ತಲಪುವುದಕ್ಕೆ ಸುಮಾರು 11 ಗಂಟೆಗಳು ಬೇಕಾಗುತ್ತವೆ. ಎಂದರೆ ಮಧ್ಯಾಹ್ನ ಎರಡು ಗಂಟೆಯ ಉರಿಬಿಸಿಲು ಮಧ್ಯರಾತ್ರಿ ದಾಟಿದ ಮೇಲೆ, ಅದೂ ಬಹಳ ಬಲಗುಂದಿ, ಕೋಣೆಯನ್ನು ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಹೊರಗೆ ಗಾಳಿ ತಣ್ಣಗಾಗಿರುತ್ತದೆ. ಇದಕ್ಕೆ ಪ್ರತಿಯಾಗಿ 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಾವಣಿಯಲ್ಲಿ ಶಾಖವು ಸುಮಾರು ಮೂರು ಗಂಟೆಗಳಲ್ಲಿ ಕೆಳಗಿಳಿಯುತ್ತದೆ, ಏರಿಳಿತದ ಅರ್ಧದಷ್ಟು ಉಳಿದೇ ಇರುತ್ತದೆ. ಕಾಂಕ್ರೀಟ್ ಮನೆಯಲ್ಲಿ ಸಂಜೆಯ ಹೊತ್ತು ಬೆವರುವುದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ಹಗಲು ಪಡಸಾಲೆಯಲ್ಲಿಯೂ ರಾತ್ರಿ ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಮಲಗುವ ಪದ್ಧತಿಯು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಗೋಡೆಯು ತಡವಾಗಿ ಬಿಡುವ ಶಾಖವನ್ನು ತಪ್ಪಿಸಿಕೊಳ್ಳುವ ಉಪಾಯವದು.

ಮಾಳಿಗೆಯ ರಚನೆಯೂ ವಿಚಾರಪೂರ್ಣವಾದುದೇ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿಗಳು, ಜಂತಿಗಳ ಮೇಲೆ ಪರಸಿ, ಅದರ ಮೇಲೆ ಒಂದು ಗೇಣಿಗೂ ಹೆಚ್ಚು ಮಣ್ಣು. ಬೆಳಕಿಗೂ ಹೊಗೆ ಹೋಗುವುದಕ್ಕೂ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಒಣಮಣ್ಣಿನಲ್ಲಿ ಶಾಖವು ಕಲ್ಲಿಗಿಂತಲೂ ನಿಧಾನವಾಗಿ ಹರಿಯುವುದರಿಂದ ನೆತ್ತಿಯ ಬಿಸಿಲಿಗೆ ಅದೊಂದು ಕೊಡೆಯಂತೆ. ಮಳೆ ಬಂದಾಗ ಮಣ್ಣು ಕರಗಿಹೋಗುವುದಿಲ್ಲವೆ? ಬಯಲುಸೀಮೆಯ ಅನೇಕ ಕಡೆ ಮಾಳಿಗೆಯ ಮೇಲ್ಪದರಕ್ಕೆ ಚೌಳು ಮಣ್ಣನ್ನು ಹಾಕಿ ಬಡಿಯುತ್ತಿದ್ದರು. ಚೌಳಿನಲ್ಲಿರುವ ಸೋಡಿಯಂ ಅಂಶವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೀರು ತಾಗಿದೊಡನೆ ಆ ಸೂಕ್ಷ್ಮ ಕಣಗಳು ರಂಧ್ರಗಳಲ್ಲಿ ಸೇರಿ ಬಾಯಿ ಮುಚ್ಚುತ್ತವೆ. ಬೆಳೆಗೆ ಶತ್ರುವಾದ ಮಣ್ಣೇ ಮಾಳಿಗೆಗೆ ಮಿತ್ರನಾಯಿತು! ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಬಡಿಯುವ ಶ್ರಮ ತಪ್ಪುತ್ತಿರಲಿಲ್ಲ.

ಕಲ್ಲು ಹೊತ್ತ ಚರಿತ್ರೆ

ಈ ಶಿಲೆಯ ನಯವಾದ ಕಣರಚನೆಯು ಶಿಲ್ಪಿಯ ಉಳಿಗೂ ಒಗ್ಗುತ್ತದೆ. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ತೀರದ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರು ನಡೆಸಿದ ಉತ್ಖನನದಲ್ಲಿ ಸುಣ್ಣಕಲ್ಲಿನ ಹಲಗೆಗಳಿಂದ ಹೊದಿಸಿದ್ದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂದಿತು. ಅಲ್ಲಿನ ಒಂದು ಹಲಗೆಯ ಮೇಲೆ ರಾಣಿಯೊಡನೆ ನಿಂತ ಅರಸನ ಉಬ್ಬುಚಿತ್ರವೂ, ಬ್ರಾಹ್ಮೀ ಲಿಪಿಯಲ್ಲಿ ಆತನು ಅಶೋಕ ರಾಜನೆಂಬ ಬರಹವೂ ಇವೆ. ಅಶೋಕನ ಹೆಸರನ್ನು ಹೊತ್ತ ಚಿತ್ರಶಿಲ್ಪವು ದೊರೆತದ್ದು ಈ ಕಲ್ಲಿನಲ್ಲಿ.

ಸೇಡಂ ಮತ್ತು ಕಲಬುರಗಿಗಳ ನಡುವೆ, ಕಾಗಿಣಾ ದಂಡೆಯ ಮೇಲಿರುವ ಮಳಖೇಡವೇ ಹಿಂದಿನ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿಯದು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವು ಹುಟ್ಟಿದ್ದು ಆತನ ಆಸ್ಥಾನದಲ್ಲಿ. 972ರಲ್ಲಿ ಪರಮಾರ ಸೀಯಕನ ದಾಳಿಗೆ ಸಿಕ್ಕಿ ಆ ನಗರವು ಸೂರೆಹೋಯಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನವಿದ್ದು, ಅಲ್ಲಿನ ಗ್ರಂಥಭಂಡಾರವನ್ನು ನೋಡಿಕೊಳ್ಳುವವರಿಗೂ ಜೀವನಕ್ಕೆ ಏರ್ಪಾಡು ಮಾಡಿದ್ದುದನ್ನು 1058ರ ಶಾಸನವು ತಿಳಿಸುತ್ತದೆ. ತಾಳೆಗರಿಗಳು ಅಳಿದವು, ಶಾಸನದ ಕಲ್ಲು ಉಳಿಯಿತು.

ಪರಸಿಯನ್ನು ಊರಿನಿಂದ ಹೊರಕ್ಕೆ ಕೊಂಡೊಯ್ದದ್ದು ರೈಲು. ಮುಂಬಯಿಯ ಕಡೆಯಿಂದ ಬಂದ ಹಳಿಯು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಚಿತ್ತಾಪುರ, ಸೇಡಂಗಳು ಅದೇ ದಾರಿಯಲ್ಲಿವೆ. ಮುಂಬಯಿ, ಪುಣೆಗಳ ಸಾಮಾನ್ಯ ಗೃಹಸ್ಥರ ಅಡಿಗೆಮನೆಯ ನೆಲಕ್ಕೂ, ಶಾಲೆಗಳ ಪಡಸಾಲೆಗೂ, ರೈಲುನಿಲ್ದಾಣಗಳ ಜಗಲಿಗೂ ಕಾಗಿಣಾ ತೀರದ ಕಡಲತಳವು ಹೀಗೆ ಪ್ರಯಾಣ ಮಾಡಿತು. ಮರಾಠಿಯಲ್ಲಿ ಇಂದಿಗೂ ಇದಕ್ಕೆ ಶಹಾಬಾದಿ ಫರ್ಸಿ ಎಂಬ ಹೆಸರೇ ಬಳಕೆಯಲ್ಲಿದೆ.

ಹೊಲ ಮತ್ತು ನೀರು

ಊರಿನ ಸುತ್ತಣ ಹೊಲಗಳಿಗೂ ಶಿಲೆಗೂ ಇರುವ ಸಂಬಂಧವನ್ನು ಮರೆಯುವಂತಿಲ್ಲ. ಕಪ್ಪುಶಿಲೆಯು ಸವೆದು ಹುಟ್ಟಿದ ಎರೆಮಣ್ಣು ಈ ಸೀಮೆಯಲ್ಲಿ ವಿಸ್ತಾರವಾಗಿ ಹರಡಿದೆ. ಅದರ ಕೆಳಗೆ ಸುಣ್ಣಕಲ್ಲಿದೆ. ಎರೆಯು ನೀರನ್ನು ಹಿಡಿದಿಡುತ್ತದೆ; ಸುಣ್ಣದ ಅಂಶವೂ ಅದರಲ್ಲಿ ಧಾರಾಳ. ಆಳವಾಗಿ ಬೇರು ಬಿಡುವ ತೊಗರಿಗೆ ಇದು ಒಪ್ಪುವ ನೆಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದು ನೆಲದ ಈ ಗುಣಕ್ಕೂ ಸಂದ ಮನ್ನಣೆಯೇ ಸರಿ.

ನೀರಿನ ವಿಷಯದಲ್ಲಿ ಸುಣ್ಣಕಲ್ಲು ಉದಾರಿಯೂ ಹೌದು, ನಂಬಿಕೆಗೆ ಅನರ್ಹವೂ ಹೌದು. ಗಟ್ಟಿಯಾದ ಕಲ್ಲಿನೊಳಗೆ ನೀರು ಇಳಿಯದು. ಸೀಳುಗಳಲ್ಲಿಯೂ ಪದರಗಳ ಸಂದುಗಳಲ್ಲಿಯೂ ಮಾತ್ರ ಹರಿಯುತ್ತದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣಕಲ್ಲನ್ನು ಕರಗಿಸಿ ಸಂದುಗಳನ್ನು ಅಗಲಿಸುತ್ತದೆ. ಸಂದಿಗೆ ಸಿಕ್ಕ ಬಾವಿಯಲ್ಲಿ ನೀರು ಸಮೃದ್ಧಿ. ಹತ್ತು ಮಾರು ಆಚೆ ತೋಡಿದ ಬಾವಿ ಬರಿದು. ಇಲ್ಲಿಯ ಬಾವಿಯ ನೀರನ್ನು ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುವುದೂ, ಸಾಬೂನಿನ ನೊರೆ ಬೇಗನೆ ಏಳದಿರುವುದೂ ನೀರಿನಲ್ಲಿ ಕರಗಿರುವ ಈ ಸುಣ್ಣದಿಂದಲೇ.

ಇದರಿಂದ ಒಂದು ಮುಖ್ಯವಾದ ಪರಿಣಾಮ ಉಂಟಾಗುತ್ತದೆ. ಗಣಿಯ ಗುಂಡಿಯು ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ, ಕೆಲಸ ನಡೆಸುವುದಕ್ಕಾಗಿ ಅದರ ನೀರನ್ನು ಪಂಪಿನಿಂದ ಹೊರಹಾಕಬೇಕಾಗುತ್ತದೆ. ಆಗ ಸಂದುಗಳ ಮೂಲಕ ಸುತ್ತಣ ಬಾವಿಗಳ ನೀರು ಗುಂಡಿಯ ಕಡೆಗೆ ಹರಿಯತೊಡಗುತ್ತದೆ. ಯಾವ ಸಂದು ಯಾವ ಊರಿನ ಬಾವಿಗೆ ಸೇರಿದೆಯೆಂಬುದು ಮೇಲಿನಿಂದ ಕಾಣುವುದಿಲ್ಲ. ಆದುದರಿಂದ ಇಂತಹ ಶಿಲೆಯಲ್ಲಿ ಗಣಿ ತೆರೆಯುವ ಮೊದಲು ಸುತ್ತಣ ಬಾವಿಗಳ ನೀರಿನ ಮಟ್ಟವನ್ನು ವರ್ಷವಿಡೀ ಅಳೆದಿಡುವುದು ಅಗತ್ಯ. ಅಳತೆಯಿಲ್ಲದ ಮೇಲೆ ನಷ್ಟವನ್ನು ತೋರಿಸುವುದೂ ಸಾಧ್ಯವಿಲ್ಲ, ಅಲ್ಲಗಳೆಯುವುದೂ ಸಾಧ್ಯವಿಲ್ಲ.

ಬೆಂಕಿಗೆ ಬಿದ್ದ ಕಲ್ಲು

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಅದು ಒಡೆಯುತ್ತದೆ. ಶುದ್ಧವಾದ 100 ಕಿಲೋಗ್ರಾಂ ಸುಣ್ಣಕಲ್ಲಿನಿಂದ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿದು, 44 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಹಿಂದಿನವರು ಗಾರೆಗೆ ಬಳಸುತ್ತಿದ್ದ ಸುಣ್ಣವು ಗೋಡೆಯಲ್ಲಿ ವರ್ಷಾನುವರ್ಷ ಆ ಅನಿಲವನ್ನು ಮತ್ತೆ ಹೀರಿಕೊಂಡು ಮರಳಿ ಕಲ್ಲಾಗುತ್ತಿತ್ತು. ಸಿಮೆಂಟಿನ ಕ್ರಮ ಬೇರೆ. ಸುಣ್ಣಕಲ್ಲಿಗೆ ಜೇಡಿಯನ್ನೂ ಕಬ್ಬಿಣದ ಅಂಶವನ್ನೂ ಬೆರೆಸಿ, ತಿರುಗುವ ಗೂಡಿನಲ್ಲಿ ಸುಮಾರು 1,450 ಡಿಗ್ರಿಗೆ ಸುಟ್ಟರೆ ಕ್ಲಿಂಕರ್ ಎಂಬ ಉಂಡೆಗಳಾಗುತ್ತವೆ. ಅವನ್ನು ಜಿಪ್ಸಂ ಜೊತೆಗೆ ಅರೆದುದೇ ಸಿಮೆಂಟು.

ಶಹಾಬಾದಿನಲ್ಲಿ ಸಿಮೆಂಟಿನ ಉದ್ಯಮವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕಾಲಿಟ್ಟಿತು. ವಾಡಿಯಲ್ಲಿ 1968ರಲ್ಲಿಯೂ, ಮಳಖೇಡ ಮತ್ತು ಸೇಡಂಗಳಲ್ಲಿ 1980ರ ದಶಕದಲ್ಲಿಯೂ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದವು. ಇವು ಸಾವಿರಾರು ಜನರಿಗೆ ಕೆಲಸವನ್ನೂ, ದೇಶಕ್ಕೆ ಅಣೆಕಟ್ಟು, ಸೇತುವೆ, ಆಸ್ಪತ್ರೆ, ಶಾಲೆಗಳ ಸಾಮಗ್ರಿಯನ್ನೂ ಒದಗಿಸಿವೆ. ಸಿಮೆಂಟು ತಯಾರಿಸುವ ರಾಷ್ಟ್ರಗಳಲ್ಲಿ ಭಾರತಕ್ಕೆ ಜಗತ್ತಿನಲ್ಲಿಯೇ ಎರಡನೆಯ ಸ್ಥಾನವಿದೆ. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಪ್ರಮಾಣವೆಷ್ಟೆಂಬುದನ್ನು ಅರಿಯಬೇಕು.

ಒಂದು ಲೆಕ್ಕ ಮಾಡೋಣ. 12 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ಕಲ್ಲಿನ ಮನೆಯನ್ನು ಊಹಿಸಿ. ಗೋಡೆಯ ದಪ್ಪ ಅರ್ಧ ಮೀಟರ್. ಸುತ್ತಣ ಗೋಡೆಗೆ 60 ಘನಮೀಟರ್, ಒಳಗೋಡೆಗಳಿಗೆ 30 ಘನಮೀಟರ್. ನಡುವಣ ಮಣ್ಣನ್ನು ಕಳೆದರೆ ಕಲ್ಲಿನ ತೂಕ ಸುಮಾರು 200 ಟನ್. ಇನ್ನು ದಿನಕ್ಕೆ 3,000 ಟನ್ ಕ್ಲಿಂಕರ್ ಸುಡುವ ಗೂಡೊಂದನ್ನು ಊಹಿಸಿ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಅಂದರೆ ದಿನಕ್ಕೆ 4,500 ಟನ್. ಇಪ್ಪತ್ತೆರಡು ಮನೆಗಳ ಕಲ್ಲು ಒಂದು ದಿನಕ್ಕೆ! ಇನ್ನೂರ ಇಪ್ಪತ್ತು ಮನೆಗಳ ಊರೊಂದನ್ನು ಕಟ್ಟಲು ತಲೆಮಾರುಗಳು ಎಬ್ಬಿಸಿದ ಕಲ್ಲು ಇಂತಹ ಗೂಡಿಗೆ ಹತ್ತು ದಿನಗಳ ಆಹಾರ. ಇದರ ಜೊತೆಗೆ ಕಲ್ಲಿನಿಂದಲೇ ಹೊರಡುವ ಇಂಗಾಲದ ಡೈ ಆಕ್ಸೈಡ್ ದಿನಕ್ಕೆ 1,500 ಟನ್ನಿಗೂ ಹೆಚ್ಚು. ಕಲ್ಲಿದ್ದಲಿನ ಹೊಗೆಯನ್ನು ಇದಕ್ಕೆ ಸೇರಿಸಿಲ್ಲ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಈ ಅನಿಲದಲ್ಲಿ ನೂರಕ್ಕೆ ಸುಮಾರು 7ರಿಂದ 8 ಪಾಲು ಸಿಮೆಂಟಿನದು. ಪುರಾತನ ಕಡಲು ಯುಗಯುಗಗಳ ಕಾಲ ಶಿಲೆಯಲ್ಲಿ ಬಂಧಿಸಿಟ್ಟ ಅನಿಲವನ್ನು ನಾವು ಕೆಲವು ನಿಮಿಷಗಳಲ್ಲಿ ಬಿಡಿಸುತ್ತಿದ್ದೇವೆ.

ಹಾಗಾದರೆ ಹಳೆಯ ಮನೆಯೇ ಸರ್ವಶ್ರೇಷ್ಠವೆ?

ಹಾಗೆ ಹೇಳುವುದೂ ಸರಿಯಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಅದರ ಪ್ರಮಾಣ ಸುಮಾರು 6.2. ಸತ್ತವರು ಸುಮಾರು 10,000 ಮಂದಿ. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಭೂಮಿಯ ನಡುಕವಲ್ಲ. ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿದ್ದ ಭಾರವಾದ ಮಣ್ಣಿನ ಮಾಳಿಗೆ. ಇಂತಹ ಗೋಡೆಯಲ್ಲಿ ಒಳಮೈ, ಹೊರಮೈಗಳು ಎರಡು ಬೇರೆ ಗೋಡೆಗಳಂತೆ ನಿಂತಿರುತ್ತವೆ. ನಡುವೆ ಚೂರುಗಲ್ಲು, ಮಣ್ಣು. ನೆಲ ಅಲುಗಿದಾಗ ಎರಡೂ ಬೇರ್ಪಟ್ಟು ಹೊರಕ್ಕೆ ಉಬ್ಬಿ ಉರುಳುತ್ತವೆ. ಮಾಳಿಗೆ ಮಲಗಿದವರ ಮೇಲೆ ಕುಸಿಯುತ್ತದೆ. ಬಿಸಿಲನ್ನು ತಡೆದ ಭಾರವೇ ಆ ರಾತ್ರಿ ಮೃತ್ಯುವಾಯಿತು. ಕಿಲ್ಲಾರಿಯ ಮನೆಗಳಿಗೂ ನಮ್ಮ ಸೀಮೆಯ ಹಳೆಯ ಮನೆಗಳಿಗೂ ಕಟ್ಟಡದ ಕ್ರಮದಲ್ಲಿ ಹೋಲಿಕೆಯಿದೆಯೆಂಬುದನ್ನು ಮರೆಯಬಾರದು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಗೋಡೆಯ ಈ ಮೈಯಿಂದ ಆ ಮೈಗೆ ಹಾಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಇಡುವುದು, ಬಾಗಿಲ ಮೇಲ್ಗಡೆಯ ಮಟ್ಟದಲ್ಲಿ ಮನೆಯ ಸುತ್ತಲೂ ಒಡ್ಯಾಣದಂತೆ ಕಬ್ಬಿಣ ಕೂಡಿದ ಕಾಂಕ್ರೀಟಿನ ಇಲ್ಲವೆ ಮರದ ಪಟ್ಟಿಯನ್ನು ಕೊಡುವುದು, ಮಾಳಿಗೆಯ ಮಣ್ಣನ್ನು ತೆಳುಗೊಳಿಸುವುದು, ಮೂಲೆಗಳನ್ನು ಬಿಗಿಯುವುದು. ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿ ಹೊರತಂದ ಮಾರ್ಗಸೂಚಿಗಳಲ್ಲಿ ಇಂತಹ ಕ್ರಮಗಳನ್ನು ವಿವರಿಸಿದೆ. ಇವುಗಳಿಗೆ ಸಿಮೆಂಟೂ ಸ್ವಲ್ಪ ಬೇಕು. ಗೋಡೆಯನ್ನೆಲ್ಲ ಕಾಂಕ್ರೀಟಿನಲ್ಲಿ ಎರೆಯುವುದಕ್ಕೂ, ಕಲ್ಲಿನ ಗೋಡೆಗೆ ಒಂದು ಒಡ್ಯಾಣ ತೊಡಿಸುವುದಕ್ಕೂ ಎಷ್ಟು ಅಂತರ! ಕಲ್ಲೂ ಸಿಮೆಂಟೂ ಪರಸ್ಪರ ವೈರಿಗಳಾಗಬೇಕಾಗಿಲ್ಲ. ಯಾವುದನ್ನು ಎಲ್ಲಿ ಎಷ್ಟು ಬಳಸಬೇಕೆಂಬುದೇ ಪ್ರಶ್ನೆ.

ಇಂದು ಈ ಊರುಗಳಲ್ಲಿ ಆಗುತ್ತಿರುವುದನ್ನು ನೋಡಿದರೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರುವಂತೆ ತೋರುವುದಿಲ್ಲ. ಕಲ್ಲಿನ ಮನೆಯನ್ನು ಬಡತನದ ಗುರುತೆಂದೂ, ಕಾಂಕ್ರೀಟ್ ಚಾವಣಿಯನ್ನು ಏಳಿಗೆಯ ಗುರುತೆಂದೂ ಎಣಿಸಿ, ಅರ್ಧ ಮೀಟರಿನ ಗೋಡೆಯನ್ನು ಕೆಡವಿ ಒಂದು ಗೇಣಿನ ಗೋಡೆಯನ್ನು ಏರಿಸುತ್ತಾರೆ. ಮರುವರ್ಷದ ಬೇಸಿಗೆಯಲ್ಲಿ ಫ್ಯಾನು, ಕೂಲರುಗಳು ಬರುತ್ತವೆ. ಮಾಳಿಗೆ ಬಡಿಯುವ, ಕಲ್ಲನ್ನು ಸದ್ದಿನಿಂದ ಪರೀಕ್ಷಿಸುವ ಹಿರಿಯರ ವಿದ್ಯೆಯನ್ನು ಬರೆದಿಟ್ಟುಕೊಂಡವರಿಲ್ಲ. ಗೋಡೆ ಹೋದರೆ ಮತ್ತೆ ಕಟ್ಟಬಹುದು. ವಿದ್ಯೆ ಹೋದರೆ ಅದನ್ನು ಗಣಿಯಿಂದ ಅಗೆದು ತೆಗೆಯಲಾಗದು.

ವಿದ್ಯಾರ್ಥಿಗಳು ಮಾಡಬಹುದಾದುದು

ಈ ಸೀಮೆಯ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಊರೇ ಪ್ರಯೋಗಶಾಲೆಯಾಗಬಲ್ಲದು. ಒಂದು ಉಷ್ಣತಾಮಾಪಕವನ್ನು ಕಲ್ಲಿನ ಮನೆಯಲ್ಲಿಯೂ, ಇನ್ನೊಂದನ್ನು ಕಾಂಕ್ರೀಟ್ ಮನೆಯಲ್ಲಿಯೂ ಇರಿಸಿ, ಏಪ್ರಿಲ್ ತಿಂಗಳಿನಲ್ಲಿ ಗಂಟೆಗೊಮ್ಮೆ ಬರೆದಿಡಿ. ನಾವು ಮೇಲೆ ಕೊಟ್ಟ ಲೆಕ್ಕವು ನಿಮ್ಮ ಊರಿನಲ್ಲಿ ಎಷ್ಟರ ಮಟ್ಟಿಗೆ ಸರಿಯೆಂಬುದು ನಿಮಗೇ ತಿಳಿಯುತ್ತದೆ. ಊರಿನ ಬಾವಿಗಳ ನೀರಿನ ಆಳವನ್ನು ಹಗ್ಗದಿಂದ ತಿಂಗಳಿಗೊಮ್ಮೆ ಅಳೆದು, ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಗುರುತಿಸಿ. ಐದು ವರ್ಷಗಳ ಅಂತಹ ಪುಸ್ತಕವು ಯಾವ ಅಧಿಕಾರಿಯೂ ತಳ್ಳಿಹಾಕಲಾಗದ ಸಾಕ್ಷ್ಯವಾಗುತ್ತದೆ. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳ ಹಿತಕ್ಕಾಗಿ ಪ್ರತಿ ಜಿಲ್ಲೆಯಲ್ಲಿಯೂ ಖನಿಜ ಪ್ರತಿಷ್ಠಾನವನ್ನು ಸ್ಥಾಪಿಸಬೇಕೆಂದು 2015ರ ಕಾನೂನು ತಿದ್ದುಪಡಿಯು ವಿಧಿಸಿದೆ. ಆ ಹಣದಿಂದ ಏನಾಗಬೇಕೆಂದು ಊರಿನವರು ಕೇಳುವಾಗ, ಕೈಯಲ್ಲಿ ಅಳತೆಯಿದ್ದರೆ ಮಾತಿಗೆ ತೂಕ ಬರುತ್ತದೆ.

ಕೊನೆಯದಾಗಿ, ನಿಮ್ಮ ಬೀದಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವ ದಿನ ಅಲ್ಲಿಗೆ ಹೋಗಿ ನೋಡಿ. ಗೋಡೆಯ ಅಡ್ಡಕೊಯ್ತದಲ್ಲಿ ಕಲ್ಲುಗಳನ್ನು ಹೇಗೆ ಹೆಣೆದಿದ್ದರು, ಮಾಳಿಗೆಯಲ್ಲಿ ಎಷ್ಟು ಪದರಗಳಿದ್ದವು ಎಂಬುದನ್ನು ಚಿತ್ರ ಬರೆದು, ಅಳತೆ ಹಾಕಿ ಇರಿಸಿಕೊಳ್ಳಿ. ಊರಿನ ಮುದುಕರನ್ನು ಕೇಳಿ, ಆ ಕಲ್ಲು ಯಾವ ಹೊಲದಿಂದ ಬಂದಿತೆಂಬುದನ್ನು ಅದರ ಪಕ್ಕದಲ್ಲಿ ಬರೆಯಿರಿ. ಮುಂದೊಂದು ದಿನ ಆಡಕಿಯಲ್ಲಿಯೋ ಸೇಡಮಿನಲ್ಲಿಯೋ ತಂಪಾದ, ಭೂಕಂಪಕ್ಕೂ ಜಗ್ಗದ ಮನೆಯನ್ನು ಕಟ್ಟಬೇಕೆನ್ನುವ ಎಂಜಿನಿಯರನು ಮೊದಲು ಕೇಳುವುದು ಇಂತಹ ಟಿಪ್ಪಣಿಗಳನ್ನೇ.